ಮ್ಯಾಕ್ಸಿಮ್ ಪೊರ್ಬುಗಳ ಮಡಚುವ ಕ್ಯಾಮರಾ

ಬಿಜೈಯಲ್ಲಿ ಲೋಕನಾಥ ಶೆಟ್ಟರ ಮನೆಗೆ ಹೋದವರಿಗೆ ಮೊದಲು ಕಾಣುತ್ತಿದ್ದದ್ದು ಹಾಲ್‌ನ ಗಾಜಿನ ಕಪಾಟು. ಬೇರೆಯವರು ಪಿಂಗಾಣಿ, ಗೊಂಬೆ ಇಡುವಲ್ಲಿ ಅವರು ಹಳೆಯ ಕ್ಯಾಮರಾಗಳನ್ನು ಇಟ್ಟಿದ್ದರು. ಡಬ್ಬಿಯಂಥವು, ಎರಡು ಕಣ್ಣಿನವು, ಮರದ ಚೌಕಟ್ಟಿನ ದೊಡ್ಡದೊಂದು, ಜೊತೆಗೆ ಚರ್ಮದ ಕೇಸುಗಳು, ಬೆಳಕು ಅಳೆಯುವ ಮೀಟರುಗಳು. ಹಂಪನಕಟ್ಟೆಯ ತಮ್ಮ ಹೋಟೆಲಿನ ಗಲ್ಲಾದಲ್ಲಿ ಕೂತಾಗಲೂ ಅವರ ಮನಸ್ಸು ಅಲ್ಲೇ. ಹಡಗಿನಿಂದ ಇಳಿದವರು, ಆಫ್ರಿಕಾದಿಂದ ಮರಳಿದವರು ಯಾರ ಮನೆಯಲ್ಲಿ ಯಾವ ಕ್ಯಾಮರಾ ಇದೆಯೆಂದು ಅವರಿಗೆ ಬಾಯಿಪಾಠವಿತ್ತು.

ಕೇಳಿಕೇಳಿಯೂ ಕೈಗೆ ಬಾರದೆ ಉಳಿದದ್ದು ಅದೇ ಊರಿನ ಫಳ್ನೀರಿನ ಮ್ಯಾಕ್ಸಿಮ್ ಲೋಬೋ ಅವರದು. ಕೊಂಕಣಿ ಕ್ರೈಸ್ತರನ್ನು ಊರಲ್ಲಿ ಕರೆಯುವಂತೆ ಶೆಟ್ಟರು ಅವರನ್ನು ಪೊರ್ಬುಗಳೆನ್ನುತ್ತಿದ್ದರು. ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದು ನಿವೃತ್ತರಾಗಿದ್ದ ಮ್ಯಾಕ್ಸಿಮ್ ಅದನ್ನು ಏಡನ್ ಬಂದರಿನಲ್ಲಿ ಕೊಂಡಿದ್ದರು. ಅಂಗೈಯಷ್ಟೇ ದೊಡ್ಡ ಜರ್ಮನ್ ಕ್ಯಾಮರಾ. ಮುಂದಿನ ಮುಚ್ಚಳ ತೆರೆದರೆ ಕಪ್ಪು ಚರ್ಮದ ಮಡಿಕೆಗಳು ಬಿಚ್ಚಿಕೊಂಡು, ಅವುಗಳ ತುದಿಯಲ್ಲಿ ಲೆನ್ಸ್ ಮುಂದೆ ಬಂದು ಟಕ್ಕೆಂದು ನಿಲ್ಲುತ್ತಿತ್ತು. ಭಾನುವಾರ ಸಂಜೆ ಇಬ್ಬರೂ ಫಳ್ನೀರಿನ ಜಗಲಿಯಲ್ಲಿ ಕೂತು ಲೆನ್ಸು, ಫಿಲ್ಟರು ಎಂದು ಮಾತಾಡುವಾಗ ಶೆಟ್ಟರ ಕೈ ತಾನಾಗಿ ಅದರತ್ತ ಹೋಗುತ್ತಿತ್ತು.

"ಪೊರ್ಬುಗಳೇ, ಇದನ್ನು ನನಗೆ ಕೊಡಿ ಮಾರಾಯ್ರೆ. ನನ್ನಲ್ಲಿ ಉಂಟಲ್ಲ, ಅದರಲ್ಲಿ ಯಾವುದು ಬೇಕಾದ್ರೂ ಬದಲಿಗೆ ತಕ್ಕೊಳ್ಳಿ."

ಮ್ಯಾಕ್ಸಿಮ್ ನಗುತ್ತಿದ್ದರು. "ನಿಮ್ಮದೆಲ್ಲ ರಿಟೈರ್ ಆದದ್ದು ಶೆಟ್ರೇ. ಇದು ಇನ್ನೂ ಡ್ಯೂಟಿಯಲ್ಲಿ ಉಂಟು."

1981ರ ಫೆಬ್ರವರಿಯಲ್ಲಿ ಮ್ಯಾಕ್ಸಿಮ್ ಎದೆನೋವು ಬಂದು ತೀರಿಕೊಂಡರು. ಮರುದಿನ ಮಧ್ಯಾಹ್ನ ಶೆಟ್ಟರು ಹೆಂಡತಿ ಉಮಾವತಿಯೊಂದಿಗೆ ಅಂತ್ಯಕ್ರಿಯೆಗೆ ಹೋದರು. ಹಾಲ್‌ನ ನಡುವೆ ಶವಪೆಟ್ಟಿಗೆಯಲ್ಲಿ ಮ್ಯಾಕ್ಸಿಮ್‌ರನ್ನು ಕೋಟು, ಟೈ ಹಾಕಿ ಮಲಗಿಸಿದ್ದರು. ತಲೆಯ ಬಳಿ ಹೆಂಡತಿ ಸೆವ್ರಿನ್ ಬಾಯಿ, ಪಕ್ಕದಲ್ಲಿ ಮಗಳು ಜೂಲಿ. ಸುತ್ತ ಕೂತವರು ಕೊಂಕಣಿಯಲ್ಲಿ ಜಪಮಾಲೆ ಹೇಳುತ್ತಿದ್ದರು. ಶೆಟ್ಟರ ಕಣ್ಣು ತುಂಬಿತ್ತು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಬಂದವರಿಗೆ ಕುರ್ಚಿ ಸಾಲಲಿಲ್ಲ. ಒಳಕೋಣೆಯಿಂದ ತರುತ್ತೇನೆಂದು ಅವರು ಎದ್ದರು. ಕುರ್ಚಿಗೆಂದೇ ಎದ್ದದ್ದು ಎಂದು ಆಮೇಲೆ ಎಷ್ಟೋ ಸಲ ತಮಗೆ ತಾವೇ ಹೇಳಿಕೊಂಡರು. ಆದರೆ ಆ ಕೋಣೆಯ ಕಪಾಟಿನ ಮೇಲಿನ ಖಾನೆಯಲ್ಲಿ ಏನಿದೆಯೆಂದು ಅವರಿಗೆ ಗೊತ್ತಿತ್ತು. ಕಪಾಟು ಅರ್ಧ ತೆರೆದಿತ್ತು. ಕೋಟು ತೆಗೆದವರು ಹಾಗೇ ಬಿಟ್ಟು ಹೋಗಿದ್ದರು.

ಇನ್ನು ಇದು ಎಲ್ಲಿಗೆ ಹೋಗುತ್ತದೋ, ಯಾರ ಕೈ ಸೇರುತ್ತದೋ ಎಂಬ ಯೋಚನೆ ಬಂದದ್ದೇ ತಡ, ಕ್ಯಾಮರಾ ಅವರ ಕೈಯಲ್ಲಿತ್ತು. ಮುಚ್ಚಳ ತೆರೆದು ಲೆನ್ಸ್ ನೋಡಿದರು. ಒಂದು ಗೀರೂ ಇರಲಿಲ್ಲ. ಲೆನ್ಸಿನ ಹಿಂಭಾಗಕ್ಕೆ ಬೂಸರು ಹಿಡಿದಿದೆಯೋ ನೋಡಲು ಕಿಟಕಿಯ ಬಿಸಿಲಿಗೆ ತಿರುಗಿ ಕ್ಯಾಮರಾದ ಬೆನ್ನಿನ ಬಾಗಿಲು ತೆರೆದರು.

ಒಳಗೆ ಫಿಲಂ ಇತ್ತು. ಬೂದು ಬಣ್ಣದ ಪಟ್ಟಿ ಈ ಬದಿಯಿಂದ ಆ ಬದಿಗೆ ಬಿಗಿಯಾಗಿ ಹಾದು ಬಿಸಿಲಿನಲ್ಲಿ ಹೊಳೆಯಿತು.

ಬೆನ್ನು ತೆರೆಯುವ ಮೊದಲು ಫಿಲಂ ಸುತ್ತುವ ಗುಂಡಿಯನ್ನು ತಿರುಗಿಸಿ ನೋಡಬೇಕು, ಬಿಗಿಯಿದ್ದರೆ ಒಳಗೆ ಫಿಲಂ ಇದೆಯೆಂದು ಅರ್ಥ. ಕ್ಯಾಮರಾ ಹಿಡಿಯಲು ಕಲಿಯುವವರಿಗೆ ಶೆಟ್ಟರೇ ಹೇಳಿಕೊಡುತ್ತಿದ್ದ ಮೊದಲ ಪಾಠ ಅದು. ಪಟ್ಟನೆ ಮುಚ್ಚಿದರು. ಆದರೆ ಬೆಳಕು ಆಗಲೇ ಒಳಗೆ ಹೊಕ್ಕಿತ್ತು. ಬೆಳಕು ತಾಗಿದ ಫಿಲಂನಲ್ಲಿ ಚಿತ್ರ ಉಳಿಯುವುದಿಲ್ಲ.

"ಎಂತ ಮಾಡ್ತಾ ಇದ್ದೀರಿ?"

ಬಾಗಿಲಲ್ಲಿ ಉಮಾವತಿ ನಿಂತಿದ್ದಳು. ಅವಳ ಕಣ್ಣು ಅವರ ಕೈಯ ಮೇಲಿತ್ತು.

"ಎಂತ ಇಲ್ಲ," ಎಂದು ಅವರು ಕ್ಯಾಮರಾವನ್ನು ಕಪಾಟಿನಲ್ಲಿಟ್ಟು, ಕುರ್ಚಿ ಎತ್ತಿಕೊಂಡು ಹೊರಗೆ ಬಂದರು. ಸ್ಮಶಾನದ ದಾರಿಯುದ್ದಕ್ಕೂ ಅದು ಖಾಲಿ ರೋಲ್ ಆಗಿರಲಿ ಎಂದು ಬೇಡಿಕೊಂಡರು.

ವಾರದ ನಂತರ ಜೂಲಿ ಹೋಟೆಲಿಗೆ ಬಂದಳು. ಚೀಲದಿಂದ ಟವೆಲಿನಲ್ಲಿ ಸುತ್ತಿದ ಕ್ಯಾಮರಾ ತೆಗೆದು ಮೇಜಿನ ಮೇಲಿಟ್ಟಳು.

"ಅಂಕಲ್, ಇದರಲ್ಲಿ ಪಪ್ಪ ತೆಗೆದ ಫೋಟೋ ಉಂಟು. ಮಮ್ಮಿಯೊಟ್ಟಿಗೆ ಕೂತು ಟೈಮರ್ ಇಟ್ಟು ತೆಗೆದದ್ದಂತೆ, ತೀರಿಕೊಳ್ಳುವ ಸ್ವಲ್ಪ ದಿನ ಮೊದಲು. ಯಾವಾಗಲೂ ಬೇರೆಯವರದ್ದೇ ತೆಗೆಯುವುದು, ಪಪ್ಪನ ಈಚಿನದ್ದು ಒಂದೂ ಇಲ್ಲ. ಪೇಪರಿನಲ್ಲಿ ತೀರಿಕೊಂಡ ಸುದ್ದಿ ಹಾಕ್ಲಿಕ್ಕೆ ಹಳೇ ಪಾಸ್‌ಪೋರ್ಟ್ ಫೋಟೋ ಕೊಟ್ಟೆವು. ಚರ್ಚಿನಲ್ಲಿ ತಿಂಗಳ ಪೂಜೆ ಆಗುವ ದಿವಸ ಮನೆಯಲ್ಲಿ ಒಂದು ಒಳ್ಳೇ ಫೋಟೋ ಇಡ್ಬೇಕಲ್ಲ?"

"ಸ್ಟುಡಿಯೋಗೆ ಕೊಡಬಹುದಿತ್ತು ಅಲ್ವಾ?"

"ಬೇಡ ಅಂಕಲ್. ಸ್ಟುಡಿಯೋದವರು ಹಾಳು ಮಾಡಿದ್ರೆ? ಮಮ್ಮಿ ಹೇಳಿದ್ರು, ಶೆಟ್ರು ಮನೆಯಲ್ಲೇ ಫಿಲಂ ತೊಳೀತಾರೆ, ಅವರ ಕೈಯಲ್ಲೇ ಕೊಡು ಅಂತ."

ಆಗಲೇ ಹೇಳಿಬಿಡಬಹುದಿತ್ತು. ಶೆಟ್ಟರು ಮಾಣಿಯನ್ನು ಕರೆದು ಜೂಲಿಗೆ ಕಾಫಿ ತರಿಸಿದರು.

ಆ ಸಂಜೆ ಬಚ್ಚಲುಮನೆಯ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ ಫಿಲಂ ತೊಳೆದರು. ಒದ್ದೆ ಪಟ್ಟಿಯನ್ನು ದೀಪಕ್ಕೆ ಹಿಡಿದರೆ ಹೆಚ್ಚಿನ ಭಾಗ ಇದ್ದಲಿನ ಹಾಗೆ ಕಪ್ಪಾಗಿತ್ತು. ಮೊದಲು ತೆಗೆದ ಚಿತ್ರಗಳು ಸುರುಳಿಯ ಒಳಗೆ ಇದ್ದುದರಿಂದ ಅವುಗಳಿಗೆ ಅಷ್ಟು ಬೆಳಕು ತಾಗಿರಲಿಲ್ಲ. ಕೊನೆಯವು ಪೂರ್ತಿ ಹೋಗಿದ್ದವು. ಮ್ಯಾಕ್ಸಿಮ್ ಮತ್ತು ಸೆವ್ರಿನ್ ಬಾಯಿ ಎಲ್ಲಿ ಕೂತಿದ್ದರು, ನಕ್ಕಿದ್ದರೋ ಇಲ್ಲವೋ, ಯಾವುದರ ಸುಳಿವೂ ಇರಲಿಲ್ಲ.

ಉಳಿದದ್ದನ್ನು ಪ್ರಿಂಟ್ ಹಾಕಿದರು. ಬಾವಿಕಟ್ಟೆಯ ಮೇಲೆ ಮಲಗಿದ ಬೆಕ್ಕು. ಗೇಟಿನ ಹತ್ತಿರ ಮೀನಿನ ಬುಟ್ಟಿ ಇಳಿಸುವ ಹೆಂಗಸು. ಮೂರನೆಯದರಲ್ಲಿ ಅವರೇ ಇದ್ದರು, ಫಳ್ನೀರಿನ ಜಗಲಿಯಲ್ಲಿ, ಬೆತ್ತದ ಕುರ್ಚಿಯಲ್ಲಿ. ಯಾವ ಭಾನುವಾರದ್ದೋ ನೆನಪಿಲ್ಲ. ಮ್ಯಾಕ್ಸಿಮ್ ತೆಗೆದದ್ದು ತಿಳಿದೇ ಇರಲಿಲ್ಲ. ಚಿತ್ರದಲ್ಲಿ ಶೆಟ್ಟರು ಮುಂದೆ ಬಾಗಿ ಬಾಯಿ ಸ್ವಲ್ಪ ತೆರೆದು ನೋಡುತ್ತಿದ್ದರು. ಗೆಳೆಯನ ಮುಖವನ್ನಲ್ಲ, ಅವನ ಕೈಯಲ್ಲಿದ್ದ ಕ್ಯಾಮರಾವನ್ನು. ಹಸಿದವನು ಎಲೆ ನೋಡುವ ಹಾಗೆ. ಶೆಟ್ಟರು ಆ ಪ್ರಿಂಟನ್ನು ಹರಿದು ಹಾಕಿದರು.

ಬೆಕ್ಕಿನದ್ದೂ ಮೀನಿನ ಹೆಂಗಸಿನದ್ದೂ ಕ್ಯಾಮರಾದೊಂದಿಗೆ ಜೂಲಿಗೆ ಕೊಟ್ಟು, "ಕ್ಯಾಮರಾ ಹಳತಾಯ್ತು ಮಗಾ. ಚರ್ಮದ ಮಡಿಕೆಯಲ್ಲಿ ಎಲ್ಲೋ ತೂತು ಬಿದ್ದಿರಬೇಕು, ಬೆಳಕು ಹೊಕ್ಕಿದೆ," ಎಂದರು. ಜೂಲಿ ಅಳಲಿಲ್ಲ. "ನೀವೆಂತ ಮಾಡ್ತೀರಿ ಅಂಕಲ್, ಬೇಜಾರ್ ಮಾಡ್ಬೇಡಿ," ಎಂದು ಅವರನ್ನೇ ಸಮಾಧಾನ ಮಾಡಿದಳು.

ತಿಂಗಳ ಪೂಜೆ ಮುಗಿದ ಮೇಲೆ ಶೆಟ್ಟರೂ ಉಮಾವತಿಯೂ ಫಳ್ನೀರಿಗೆ ಹೋದರು. ನೆಂಟರೆಲ್ಲ ಹೋಗಿಯಾಗಿತ್ತು. ಸೆವ್ರಿನ್ ಬಾಯಿ ಒಳಗಿನಿಂದ ಕ್ಯಾಮರಾ ತಂದು ಶೆಟ್ಟರ ಮುಂದಿನ ಟೀಪಾಯಿಯ ಮೇಲಿಟ್ಟರು.

"ಇದು ನಿಮಗೆ ಶೆಟ್ರೇ. ನೀವು ಆಸೆಪಟ್ಟದ್ದು. ಇನ್ನು ಇದರಲ್ಲಿ ಫೋಟೋ ಬರ್ಲಿಕ್ಕಿಲ್ಲ, ಕಪಾಟಿನಲ್ಲಿ ಚೆಂದಕ್ಕೆ ಇಡಿ." ಮತ್ತೆ ತಮ್ಮಷ್ಟಕ್ಕೆ ಹೇಳಿದಂತೆ ಅಂದರು, "ತೂತು ಬಿದ್ದದ್ದೂ ಕಾಣ್ಲಿಲ್ಲ ಅವರಿಗೆ. ಕಡೆಕಡೆಗೆ ಕಣ್ಣು ಸರಿ ಇರ್ಲಿಲ್ಲ ಕಾಣ್ತದೆ. ಆ ದಿವಸ ನನ್ನನ್ನು ಅಷ್ಟು ಹೊತ್ತು ಬಿಸಿಲಲ್ಲಿ ಕೂರಿಸಿದ್ರು. ಎಲ್ಲ ದಂಡ."

ಶೆಟ್ಟರು ನೆಲ ನೋಡುತ್ತಾ ಕೂತರು. ಉಮಾವತಿ ಅವರ ಮುಖವನ್ನೇ ನೋಡುತ್ತಿದ್ದಳು. ಅವರು ಮಾತಾಡಲಿ ಎಂದು ಕಾಯುತ್ತಿದ್ದಾಳೆಂದು ಅವರಿಗೆ ತಿಳಿಯಿತು.

"ಬಾಯಿ," ಎಂದಳು ಉಮಾವತಿ, "ಪೊರ್ಬುಗಳ ಕಣ್ಣಿಗೆ ಎಂತದೂ ಆಗಿರ್ಲಿಲ್ಲ. ಕ್ಯಾಮರಾಕ್ಕೂ ಎಂತ ಆಗ್ಲಿಲ್ಲ. ಇವರು ಅದರ ಹಿಂದಿನ ಬಾಗಿಲು ತೆರೆದು ನೋಡಿದ್ದು, ಹಾಗೆ ಬೆಳಕು ಹೊಕ್ಕಿದ್ದು. ನಾನೇ ಕಂಡಿದ್ದೇನೆ."

ಜೂಲಿ ಶೆಟ್ಟರತ್ತ ತಿರುಗಿದಳು. "ಯಾವಾಗ ಅಂಕಲ್?"

"ಆ ದಿವಸ," ಎಂದರು ಶೆಟ್ಟರು.

"ಯಾವ ದಿವಸ?"

"ನೀವೆಲ್ಲ ಹಾಲ್‌ನಲ್ಲಿ ಜಪಮಾಲೆ ಹೇಳ್ತಾ ಇರುವಾಗ."

"ಅಂದ್ರೆ," ಎಂದರು ಸೆವ್ರಿನ್ ಬಾಯಿ ಮೆಲ್ಲಗೆ, "ಅವರು ಇನ್ನೂ ಮನೆಯಲ್ಲೇ ಇದ್ರು."

ಬೈದಿದ್ದರೆ ಶೆಟ್ಟರು ತಡೆದುಕೊಳ್ಳುತ್ತಿದ್ದರೇನೋ. ಎದ್ದು ಕೈಮುಗಿದರು. ಕ್ಯಾಮರಾವನ್ನು ಅಲ್ಲೇ ಬಿಟ್ಟು ಬಾಗಿಲ ತನಕ ಹೋದಾಗ ಸೆವ್ರಿನ್ ಬಾಯಿ ಕರೆದರು.

"ತಕ್ಕೊಂಡು ಹೋಗಿ ಶೆಟ್ರೇ. ನನಗೆ ಇನ್ನು ಅದನ್ನು ಈ ಮನೆಯಲ್ಲಿ ನೋಡ್ಲಿಕ್ಕೆ ಆಗುದಿಲ್ಲ."

ಬೇಡವೆನ್ನುವ ಹಕ್ಕೂ ತನಗಿಲ್ಲವೆಂದು ಅವರಿಗೆ ಅನಿಸಿತು. ಹಿಂತಿರುಗಿ ಬಂದು ಎತ್ತಿಕೊಂಡರು. ಕಾರಿನಲ್ಲಿ ಉಮಾವತಿ ಕಿಟಕಿಯಾಚೆ ನೋಡುತ್ತ ಕೂತಿದ್ದಳು.

"ನೀನು ಹೇಳದಿದ್ರೆ ನಾನು ಹೇಳ್ತಿದ್ದೆ," ಎಂದರು ಶೆಟ್ಟರು.

"ಇಲ್ಲ," ಎಂದಳು ಅವಳು.

ಕ್ಯಾಮರಾವನ್ನು ಅವರು ಗಾಜಿನ ಕಪಾಟಿನಲ್ಲಿ ಇಡಲಿಲ್ಲ, ಹಾಸಿಗೆ ಬಟ್ಟೆಗಳ ಪೆಟ್ಟಿಗೆಯ ತಳಕ್ಕೆ ಸೇರಿಸಿದರು. ಬಂದರಿನಲ್ಲಿ ಹಳೆಯ ಸಾಮಾನು ಮಾರುವ ಝಕರಿಯಾ ಒಮ್ಮೆ, "ಲೋಬೋರ ಕ್ಯಾಮರಾ ನಿಮಗೆ ಸಿಕ್ಕಿತಂತೆ, ಒಮ್ಮೆ ತೋರಿಸಿ," ಎಂದಾಗ ಮಾತು ಮರೆಸಿದರು. ಆ ವರ್ಷ ಅವರು ಯಾರ ಮನೆಗೂ ಕ್ಯಾಮರಾ ಕೇಳಿಕೊಂಡು ಹೋಗಲಿಲ್ಲ.

ಮ್ಯಾಕ್ಸಿಮ್ ತೀರಿಕೊಂಡು ಒಂದು ವರ್ಷ ತುಂಬಿದ ದಿನದ ಪೂಜೆಗೆ ಜೂಲಿಯಿಂದ ಕರೆ ಬಂತು. ಬರುತ್ತದೆಂದು ಶೆಟ್ಟರು ಎಣಿಸಿರಲಿಲ್ಲ. ಹೋದರು. ಹಾಲ್‌ನ ಗೋಡೆಯಲ್ಲಿ ಹೂವಿನ ಹಾರ ಹಾಕಿದ ದೊಡ್ಡ ಫೋಟೋ ಇತ್ತು. ಪಾಸ್‌ಪೋರ್ಟಿನ ಚಿತ್ರವನ್ನೇ ಯಾವುದೋ ಸ್ಟುಡಿಯೋದಲ್ಲಿ ಹಿಗ್ಗಿಸಿದ್ದರು. ಕಪ್ಪು ಕೂದಲನ್ನು ಹಿಂದಕ್ಕೆ ಬಾಚಿದ, ಮೊದಲ ಹಡಗು ಹತ್ತಲು ಹೊರಟ ತರುಣ. ಜೂಲಿಯ ಚಿಕ್ಕ ಮಗಳು ಅದನ್ನು ತೋರಿಸಿ, "ಇದು ಅಜ್ಜ ಅಲ್ಲ," ಎಂದು ಹಠ ಮಾಡುತ್ತಿದ್ದಳು. ಜೂಲಿ ಅವಳನ್ನು ಎತ್ತಿಕೊಂಡು ಒಳಗೆ ಹೋದಳು.

ಶೆಟ್ಟರು ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ಸೆವ್ರಿನ್ ಬಾಯಿ ಎಲ್ಲರಿಗೂ ಬಡಿಸುತ್ತಾ ಬಂದು ಅವರ ಮುಂದೆಯೂ ತಟ್ಟೆ ಹಿಡಿದರು.

"ಊಟ ಮಾಡಿ ಶೆಟ್ರೇ," ಎಂದರು, ಬೇರೆಯವರಿಗೆ ಹೇಳಿದ ಹಾಗೆಯೇ.

ಅವರು ತಟ್ಟೆ ತೆಗೆದುಕೊಂಡರು. ಅದನ್ನು ಮಡಿಲಲ್ಲಿಟ್ಟುಕೊಂಡು, ಊಟ ಮುಟ್ಟದೆ, ಗೋಡೆಯ ಮೇಲಿನ ತರುಣನನ್ನೇ ನೋಡುತ್ತಾ ಕೂತರು.