ತಿಳಿನೀರಿನ ಗಡಿಗೆ

"ಮಣ್ಣು ತಳ್ಬ್ಯಾಡಿ, ನಿಲ್ಸಿ!" ಎನ್ನುತ್ತ ಸೋಮಮ್ಮ ಗುಣಿಯ ಅಂಚಿನಲ್ಲಿ ಕುಕ್ಕರಿಸಿ ಗುದ್ದಲಿಯ ಕಾವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಒಳಗೆ ಅವಳ ಗಂಡ ಮರಿಮಲ್ಲಪ್ಪನ ಹೆಣವನ್ನು ಹಣೆ ತುಂಬ ವಿಭೂತಿ ಹಚ್ಚಿ ಕೂರಿಸಿದ್ದರು.

ಊರ ಯಜಮಾನ ನಾಗಯ್ಯನಿಗೆ ರೇಗಿತು. "ಇದೇನವ್ವ? ಕುದೇರಿನ ನೆಂಟ್ರು ಬಸ್ಸಿಗೋಗ್ಬೇಕು. ಬುಡು ಕೈಯ."

"ಕಟ್ಟೆ ಹೂಳ್ನೇ ತನ್ಮೇಲೆ ಹಾಕ್ಸು ಅಂದವ್ರೆ ಕಣಣ್ಣ. ಉಸಿರು ಓಗಗಂಟ ಅದೊಂದೇ ಮಾತು."

"ಗುಣಿ ಮಣ್ಣೇ ಗುಣಿಗೆ. ಬ್ಯಾರೆ ಮಣ್ಣು ತರಾ ಪದ್ಧತಿ ನಮ್ಮಲ್ಲಿಲ್ಲ."

ಸೋಮಮ್ಮ ಕೈ ಬಿಡಲಿಲ್ಲ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎನಿಸಿತು.

*

ಐದು ವರ್ಷದ ಹಿಂದೆ ಊರ ಮಗ್ಗುಲಿನ ಕರಿಕಲ್ಲಿನ ಗಣಿ ಮುಚ್ಚಿತು. ಅದು ಬಿಟ್ಟುಹೋದ ಮಣ್ಣಿನ ದಿಬ್ಬದ ಕೆಳಗೆ ದನಕರುಗಳಿಗೆ ನೀರಿನ ಕಟ್ಟೆ ತೋಡಿಸಲು ಗುಂಡ್ಲುಪೇಟೆಯಿಂದ ಓವರ್‌ಸಿಯರ್ ಬಂದ. ಮಳೆಗೆ ದಿಬ್ಬದಿಂದ ಎಷ್ಟು ಮಣ್ಣು ಇಳಿಯುತ್ತದೆಂದು ತಿಳಿದರೆ ತಾನೆ ಕಟ್ಟೆಯ ಆಳ ಗೊತ್ತುಮಾಡುವುದು? ಗಣಿಯಲ್ಲಿ ಕೂಲಿ ಮಾಡಿದ್ದ ಮರಿಮಲ್ಲಪ್ಪನಿಗೆ, ಪ್ರತಿ ಮಳೆಗೂ ದಿಬ್ಬದಿಂದಿಳಿಯುವ ಹಳ್ಳದಿಂದ ಒಂದು ಗಡಿಗೆ ನೀರು ಹಿಡಿದಿಡು, ತಳಕ್ಕಿಳಿದ ಕೆಸರನ್ನು ನಾನು ಅಳೆಯುತ್ತೇನೆ ಎಂದ.

ಮರಿಮಲ್ಲಪ್ಪ ಒಂದು ಮಳೆಯನ್ನೂ ತಪ್ಪಿಸಲಿಲ್ಲ. ಆದರೆ ಹುಟ್ಟಿದಾಗಿನಿಂದ ಕುಡಿಯುವ ನೀರು ಮೊಗೆದ ಕೈ ಅದು. ಕದಡದಂತೆ ಗಡಿಗೆಯನ್ನು ಓರೆಮಾಡಿ, ಅಂಗೈಯಲ್ಲಿ ಕಸ ಸರಿಸಿ, ಮೇಲಿನ ತಿಳಿಯನ್ನೇ ತುಂಬಿಕೊಂಡ. ತಳದಲ್ಲಿ ನಿಂತದ್ದು ಬರೀ ಒಂದು ಬೆರಳು ಕೆಸರು.

ಅದನ್ನು ನಂಬಿ ಹೆಚ್ಚು ಆಳವಿಲ್ಲದೆ ತೋಡಿದ ಕಟ್ಟೆ ಮೂರೇ ಮಳೆಗಾಲಕ್ಕೆ ಹೂತುಹೋಯಿತು. ನಡುವೆ ನೆಟ್ಟ ಅಳತೆಯ ಗೂಟದ ಏಳು ಗೀರುಗಳಲ್ಲಿ ಆರು ಮುಚ್ಚಿಹೋದವು. ಊರಿಗೆ ಬೈಯಲು ಓವರ್‌ಸಿಯರ್ ಸಿಕ್ಕಿದ್ದ, ಅಷ್ಟು ಸಾಕಾಗಿತ್ತು.

"ನೀರು ಮೊಗಿಯಕ್ಕೂ ಬರ್ಲಿಲ್ವಲ್ಲ ನಂಗೆ" ಎಂದು ಮರಿಮಲ್ಲಪ್ಪ ಹೆಂಡತಿಯ ಮುಂದೆ ಮಾತ್ರ ಅತ್ತ. ಆಮೇಲೆ ದಿನವೂ ಒಬ್ಬನೇ ಮಂಕರಿಯಲ್ಲಿ ಹೂಳು ಹೊತ್ತ. ಅವನು ಬೇಸಿಗೆಯಲ್ಲಿ ಹೊತ್ತು ಹಾಕಿದ್ದನ್ನು ಒಂದು ಮಳೆ ತಂದು ತುಂಬುತ್ತಿತ್ತು. ಬಿಡಿ ಅಂದರೆ ಕೇಳುತ್ತಿರಲಿಲ್ಲ, ಸೋಮಮ್ಮನಿಗೆ ಸಿಟ್ಟೂ ಬರುತ್ತಿತ್ತು, ಸಂಕಟವೂ ಆಗುತ್ತಿತ್ತು. ನಿನ್ನೆ ಮಂಕರಿಯ ಪಕ್ಕದಲ್ಲೇ ಕುಸಿದ, ರಾತ್ರಿ ಪ್ರಾಣ ಹೋಯಿತು.

*

ಎಲ್ಲವನ್ನೂ ಹೇಳಿ ಮುಗಿಸಿದಾಗ ಸೋಮಮ್ಮ ತಲೆ ಎತ್ತಲಿಲ್ಲ. ಈಗ ಬೈಗುಳ ಗುಣಿಯೊಳಗೆ ಬೀಳುತ್ತದೆ ಎಂದು ಹೆದರಿದ್ದಳು.

ನಾಗಯ್ಯ ಅಂಚಿಗೆ ಬಂದು ಗುಣಿಯೊಳಗೆ ಬಗ್ಗಿ ನೋಡಿದ. "ನಾನಾದ್ರೂ ಅಂಗೇ ಮೊಗೀತಿದ್ದೆ ಕಣವ್ವ" ಎಂದ. ಪಂಚೆ ಎತ್ತಿ ಕಟ್ಟಿ ತಿರುಗಿದ. "ಏನ್ಲಾ ನೋಡ್ತಾ ನಿಂತಿದ್ದೀರಿ? ಮಂಕರಿ ತನ್ನಿ. ಕಟ್ಟೆಗೆ ಹೋಗನ."

ಕುದೇರಿನವರ ಬಸ್ಸು ತಪ್ಪಿತು. ಅವರೂ ಹೊತ್ತರು.

ಗುಣಿ ತುಂಬಿ ಮೇಲೆ ಮಣ್ಣಿನ ಗುಡ್ಡೆ ಎದ್ದ ಮೇಲೆ ಅದಕ್ಕೆ ಹೊಯ್ಯುವ ನೀರಿಗೆ ಸೋಮಮ್ಮ ಗಡಿಗೆ ಹಿಡಿದು ಕಟ್ಟೆಗೆ ಇಳಿದಳು. ಗೂಟದ ಸುತ್ತ ಹೂಳು ತೆಗೆದಿದ್ದರು. ಆರನೆಯ ಗೀರು, ಐದನೆಯದು, ನಾಲ್ಕನೆಯದು ಒದ್ದೆಯಾಗಿ ಕಾಣುತ್ತಿದ್ದವು. ಬುಡದ ಗುಂಡಿಯಲ್ಲಿ ನೀರು ಒಸರಿ ನಿಂತಿತ್ತು. ಬಗ್ಗಿದಳು. ಗಡಿಗೆ ತಾನಾಗಿಯೇ ಓರೆಯಾಯಿತು, ಅಂಗೈ ಕಸ ಸರಿಸಿತು.

ಕೈ ಅಲ್ಲೇ ನಿಂತಿತು. ಆಮೇಲೆ ಗಡಿಗೆಯನ್ನು ತಳ ಮುಟ್ಟುವವರೆಗೆ ಒತ್ತಿ, ಕೆಸರು ಸಮೇತ ತುಂಬಿಕೊಂಡು ದಡ ಹತ್ತಿದಳು.