ಪೊಟ್ಟಣದೊಳಗಿನ ಹೂವು

ಸೀತಾಫಲದ ಕುಟುಂಬದಷ್ಟು ನನ್ನ ಪ್ರಾಣ ತಿಂದ ಕುಟುಂಬ ಇನ್ನೊಂದಿಲ್ಲ. ನನ್ನ ಸ್ವಂತ ಕುಟುಂಬವನ್ನೂ ಲೆಕ್ಕಕ್ಕೆ ಹಿಡಿದೇ ಈ ಮಾತು ಹೇಳುತ್ತಿದ್ದೇನೆ.

ನಾನು ಒಣಗಿಡಗಳ ಸಂಗ್ರಹಾಲಯದಲ್ಲಿ ಹಾಳೆ ಅಂಟಿಸುವವಳು. ಕಾಡಿನಿಂದ ಬಂದ ಕೊಂಬೆಯನ್ನು ಒತ್ತಿ ಒಣಗಿಸಿ, ದಪ್ಪ ಬಿಳಿ ಹಾಳೆಗೆ ಅಂಟಿಸಿ, ಮೂಲೆಯಲ್ಲಿ ಹೆಸರಿನ ಚೀಟಿ ಹಚ್ಚಿ, ಕಬ್ಬಿಣದ ಬೀರುವಿನಲ್ಲಿ ಇಡುವುದು ನನ್ನ ಕೆಲಸ. ಇಪ್ಪತ್ತೆಂಟು ವರ್ಷವಾಯಿತು. ಉಳಿದ ಗಿಡಗಳೆಲ್ಲ ಇಟ್ಟ ಕಡೆ ತೆಪ್ಪಗೆ ಇರುತ್ತವೆ. ಸೀತಾಫಲದ ಬಳಗ ಮಾತ್ರ ಕೂತಲ್ಲಿ ಕೂರುವುದಿಲ್ಲ. ಸೀತಾಫಲ, ರಾಮಫಲ, ಮನೋರಂಜಿನಿ ಎಂದು ಶುರುವಾದರೆ ಎರಡು ಸಾವಿರದ ನಾನೂರು ಪ್ರಭೇದಗಳಿಗೂ ನಿಲ್ಲದ ಸಂಸಾರ ಅದು. ಐದಾರು ವರ್ಷಕ್ಕೊಮ್ಮೆ ಯಾರೋ ಒಬ್ಬ ವಿದ್ವಾಂಸ ಎಲ್ಲೋ ಕೂತು, ಇಷ್ಟು ದಿನ ಒಡಹುಟ್ಟಿದವು ಅಂದುಕೊಂಡಿದ್ದವು ದೂರದ ನೆಂಟರು, ದೂರದ ನೆಂಟರು ಅಂದುಕೊಂಡಿದ್ದವು ಒಡಹುಟ್ಟಿದವು ಎಂದು ಬರೆಯುತ್ತಾನೆ. ಬರೆದು ಕೈ ತೊಳೆದುಕೊಳ್ಳುತ್ತಾನೆ. ಹನ್ನೊಂದು ಬೀರು ಖಾಲಿ ಮಾಡಿ ಹೊಸ ಕ್ರಮದಲ್ಲಿ ತುಂಬುವವಳು ನಾನು. ನಾಲ್ಕು ಸಲ ತುಂಬಿದ್ದೇನೆ. ಸೊಂಟ ಹಿಡಿದುಕೊಂಡದ್ದು ಮೂರನೇ ಸಲ.

ಇಷ್ಟಾದರೂ ಆ ಬೀರುಗಳನ್ನು ಶಪಿಸದೆ ಇದ್ದದ್ದಕ್ಕೆ ಒಂದೇ ಕಾರಣ. ಏಳನೇ ಬೀರುವಿನಲ್ಲಿ ಕೆಂಪು ಅಂಚಿನ ಒಂದು ಕವಚವಿತ್ತು. ಹೊಸ ಪ್ರಭೇದಕ್ಕೆ ಹೆಸರಿಡುವಾಗ ಯಾವ ಹಾಳೆಯನ್ನು ಸಾಕ್ಷಿಯಾಗಿ ಮುಂದಿಡುತ್ತಾರೋ ಅದಕ್ಕೆ ಮಾತ್ರ ಕೆಂಪು ಅಂಚು. ಈ ಕವಚದ ಮೇಲಿನ ಲ್ಯಾಟಿನ್ ಹೆಸರಿನ ಎರಡನೇ ಪದ ನನ್ನ ಅಪ್ಪನ ಹೆಸರು. ಕೊನೆಗೊಂದು ಲ್ಯಾಟಿನ್ ಬಾಲ ಸೇರಿಸಿದ್ದಾರೆ, ಆದರೆ ಅಪ್ಪನದೇ.

ಅಪ್ಪ ಇದೇ ಸಂಸ್ಥೆಯಲ್ಲಿ ನಲವತ್ತು ವರ್ಷ ಮರ ಹತ್ತುತ್ತಿದ್ದ. ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಉಡ ಎಂದು. ಕಾಡಿಗೆ ಹೋದಾಗ ಡಾಕ್ಟರು ಕೆಳಗೆ ನಿಂತು, ದುರ್ಬೀನಿನಲ್ಲಿ ನೋಡಿ, ಬೆರಳು ತೋರಿಸುವುದು. ಉಡ ಹತ್ತಿ ಕೊಂಬೆ ತರುವುದು. ಡಾಕ್ಟರೆಂದರೆ ಗಿಡಗಳ ಡಾಕ್ಟರು. ಅಕ್ಕಪಕ್ಕದವರು ಕೆಮ್ಮಿಗೆ ಔಷಧ ಕೇಳಿಕೊಂಡು ಬಂದರೆ ಕೆಂಡಾಮಂಡಲವಾಗುತ್ತಿದ್ದರು. ಈಗ ಅವರಿಲ್ಲ. ಮೂವತ್ತೊಂದು ವರ್ಷದ ಹಿಂದೆ ಒಂದು ಗುಡ್ಡದ ಕಾಡಿನಲ್ಲಿ ಅಪ್ಪ ಒಂದು ಹಣ್ಣಿನ ಕೊಂಬೆಯನ್ನೂ ಒಂದೇ ಒಂದು ಹೂವನ್ನೂ ಇಳಿಸಿ ತಂದ. ಎಲೆ ಮತ್ತು ಹಣ್ಣು, ಯಾವುದೋ ಕಾಲದಿಂದ ಗೊತ್ತಿದ್ದ ಒಂದು ಮರದ ಹಾಗೇ ಇದ್ದವು. ಹೂವು ಮಾತ್ರ ಯಾವುದರ ಹಾಗೂ ಇರಲಿಲ್ಲ. ಹೂವು ಬೇರೆಯಾದ್ದರಿಂದ ಮರವೂ ಬೇರೆ ಎಂದು ಡಾಕ್ಟರು ಲೇಖನ ಬರೆದು ಹೊಸ ಪ್ರಭೇದ ಸಾರಿದರು, ತಂದವನ ಹೆಸರನ್ನೇ ಅದಕ್ಕಿಟ್ಟರು. ಒಂದೇ ಹೂವೆಂದು ಅದನ್ನು ಬಿಡಿಸಿ ನೋಡಲು ಅವರಿಗೆ ಮನಸ್ಸಾಗಲಿಲ್ಲ. ಮೊಗ್ಗಿನಂತೆ ಮುಚ್ಚಿಕೊಂಡಿದ್ದ ಅದನ್ನು ಹಾಗೇ ಕಾಗದದ ಪೊಟ್ಟಣದಲ್ಲಿಟ್ಟು ಹಾಳೆಗೆ ಅಂಟಿಸಿದರು.

ಆ ಲೇಖನದ ಮೊದಲ ಪುಟ ಅಣ್ಣನ ಮನೆಯ ಹಜಾರದಲ್ಲಿ ಕಟ್ಟು ಹಾಕಿಸಿಕೊಂಡು ಕೂತಿದೆ. ಬಂದವರಿಗೆಲ್ಲ ಅತ್ತಿಗೆ ತೋರಿಸುತ್ತಾಳೆ. "ನಮ್ಮ ಮಾವನೋರ ಹೆಸರಲ್ಲಿ ಮನೆ ಇಲ್ಲ, ಮರ ಇದೆ" ಎನ್ನುತ್ತಾಳೆ. ತಮಾಷೆಗೆ ಅಂದರೂ ಅವಳಿಗೂ ಹೆಮ್ಮೆಯೇ.

ಹೀಗಿರುವಾಗ ಬಂದಳು ಸೂಜಿ. ಸಂಶೋಧಕಿ. ಹೂ ಬಿಡಿಸುವ ಸೂಜಿಯನ್ನು ಸದಾ ತುರುಬಿಗೆ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದರಿಂದ ಆ ಹೆಸರು ನಾನೇ ಇಟ್ಟೆ. ಅವಳ ಮಾತಿಗೂ ಒಪ್ಪುತ್ತಿತ್ತು. ಸೀತಾಫಲದ ಇಡೀ ಕುಟುಂಬವನ್ನು ಮತ್ತೆ ವರ್ಗೀಕರಿಸುತ್ತಾಳಂತೆ. ಅಂದರೆ ಐದನೇ ಸಲ. ಸುದ್ದಿ ಕೇಳಿದ ದಿನವೇ ನನ್ನ ಸೊಂಟ ಚುಳುಕ್ಕೆಂದಿತು.

ಎರಡು ತಿಂಗಳು ಎಲೆಗಳ ಚೂರು ತೆಗೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದಳು. ಒಂದು ಬೆಳಿಗ್ಗೆ ನನ್ನ ಮೇಜಿನ ಮುಂದೆ ನಿಂತು ಒಂದೇ ಉಸಿರಿಗೆ ಹೇಳಿದಳು.

"ಮೇಡಂ, ಏಳನೇ ಬೀರುದ್ದು ಆ ಕೆಂಪು ಕವರ್ ಇದೆಯಲ್ಲ, ಅದು ಹೊಸದಲ್ಲ. ಎಲೆಯ ಡಿಎನ್‌ಎ ಹಳೇ ಮರದ್ದೇ. ಆ ಹೆಸರು ಇನ್ನು ನಡೆಯಲ್ಲ. ಹಳೇ ಹೆಸರಿನ ಚೀಟಿ ಅಂಟಿಸಬೇಕು."

ಗೋಂದಿನ ಕುಂಚ ನನ್ನ ಕೈಯಲ್ಲೇ ಇತ್ತು. ಅವಳ ಮುಖಕ್ಕೆ ಬಳಿಯದೆ ಬಿಟ್ಟದ್ದು ನನ್ನ ದೊಡ್ಡತನ.

"ಡಾಕ್ಟರಿಗೆ ಗೊತ್ತಿಲ್ಲದ್ದು ನಿನಗೆ ಗೊತ್ತಾಯ್ತಾ? ಹೂವು ನೋಡಿದೀಯಾ?"

"ಮೇಲಿಂದ ನೋಡಿದೀನಿ."

"ಮೇಲಿಂದ ನೋಡಿದ್ರೆ ನನಗೂ ನಿನಗೂ ಏನು ವ್ಯತ್ಯಾಸ? ಅದನ್ನ ಬಿಡಿಸಿ ನೋಡು. ಆ ಮರದ ಹಣೆಬರಹ ಇರೋದೇ ಹೂವಲ್ಲಿ. ನೋಡಿದ ಮೇಲೆ ಮಾತಾಡು."

ಅವಳಿಗೆ ಬೇಕಾಗಿದ್ದದ್ದೂ ಅದೇ. ಆದರೆ ಕೆಂಪು ಕವಚದ ಹಾಳೆಯಿಂದ ಏನನ್ನೇ ಬಿಡಿಸಬೇಕಾದರೂ ಮೇಲಿನವರ ಒಪ್ಪಿಗೆ ಬೇಕು. ನಾನೇ ಅರ್ಜಿ ಬರೆದೆ. ಕಾರಣ ಸಾಲದೆಂದು ವಾಪಸ್ ಬಂತು. ಕಾರಣ ಬರೆದರೆ ನಮೂನೆ ತಪ್ಪೆಂದು ವಾಪಸ್ ಬಂತು. ನಮೂನೆ ಸರಿಮಾಡಿದರೆ ಸಹಿ ಮಾಡುವವರು ರಜೆಯಲ್ಲಿದ್ದರು. ಮೂರು ವಾರ ಮೆಟ್ಟಿಲು ಹತ್ತಿ ಇಳಿದೆ, ಗುಮಾಸ್ತನ ಹತ್ತಿರ ಹಲ್ಲು ಗಿಂಜಿದೆ, ಬೆನ್ನ ಹಿಂದೆ ಹಲ್ಲು ಕಡಿದೆ. ನನ್ನ ಮದುವೆಗೂ ನಾನು ಇಷ್ಟು ಓಡಾಡಿರಲಿಲ್ಲ. ಅಪ್ಪನ ಹೆಸರು ಉಳಿಯುವುದಾದರೆ ಇನ್ನೂ ಮೂರು ವಾರ ಹತ್ತಿ ಇಳಿಯುತ್ತಿದ್ದೆ. ಅಪ್ಪನಿಗೆ ಮಾತ್ರ ಒಂದಕ್ಷರ ಹೇಳಲಿಲ್ಲ. ಎಪ್ಪತ್ತೊಂಬತ್ತು ವಯಸ್ಸು, ಸುಮ್ಮನೆ ಯಾಕೆ ಎದೆಗೆ ಭಾರ ಎಂದು.

ಶನಿವಾರ ಬೆಳಿಗ್ಗೆ ಒಪ್ಪಿಗೆ ಬಂತು. ಹೂವನ್ನು ನಾನೇ ಪೊಟ್ಟಣದಿಂದ ತೆಗೆದು ಬಿಸಿನೀರಿಗೆ ಹಾಕಿದೆ. ಅಡಿಕೆ ಗಾತ್ರದ ಕಂದು ಗಂಟು ಅರ್ಧ ಗಂಟೆಯಲ್ಲಿ ಮೆತ್ತಗಾಯಿತು. ಸೂಜಿ ತುರುಬಿನಿಂದ ಸೂಜಿ ತೆಗೆದಳು. ಹೊರಗಿನ ಮೂರು ದಳ, ಒಳಗಿನ ಮೂರು ದಳ, ಚರ್ಮದಷ್ಟು ದಪ್ಪ. ಅದರೊಳಗೆ ಒತ್ತೊತ್ತಾಗಿ ಕೇಸರಗಳು. ಅವಳು ಒಂದೊಂದಾಗಿ ಸರಿಸುತ್ತಾ ನಡುವಿಗೆ ಹೋದಳು. ಹೋಗಿ ಅಲ್ಲೇ ನಿಂತಳು.

"ಮೇಡಂ, ಕೊಂಬೆಯ ಗೊಂಚಲಲ್ಲಿ ಎಷ್ಟು ಹಣ್ಣಿವೆ?"

"ಹದಿನಾಲ್ಕು." ಅದು ನನಗೆ ಬಾಯಿಪಾಠ.

ಸೀತಾಫಲದ ಕುಟುಂಬದಲ್ಲಿ ಹೂವಿನ ನಡುವೆ ಹಲವು ಪುಟ್ಟ ಹೆಣ್ಣು ಭಾಗಗಳಿರುತ್ತವೆ. ಸೀತಾಫಲದಲ್ಲಿ ಅವೆಲ್ಲ ಕೂಡಿಕೊಂಡು ಒಂದೇ ಹಣ್ಣಾಗುತ್ತವೆ. ಅದರ ಬಹುಪಾಲು ನೆಂಟರಲ್ಲಿ ಒಂದೊಂದೂ ಬೇರೆ ಬೇರೆ ಹಣ್ಣಾಗಿ ಗೊಂಚಲು ಕಟ್ಟುತ್ತದೆ. ಹದಿನಾಲ್ಕು ಹಣ್ಣಿನ ಗೊಂಚಲಾಗಬೇಕಾದರೆ ಹೂವಿನಲ್ಲಿ ಕಡೇಪಕ್ಷ ಹದಿನಾಲ್ಕು ಇರಬೇಕು. ಇಪ್ಪತ್ತೆಂಟು ವರ್ಷ ಗೋಂದು ಬಳಿದವಳಿಗೂ ಅಷ್ಟು ಗೊತ್ತು.

ನಾನು ಮಸೂರದಲ್ಲಿ ಬಗ್ಗಿ ನೋಡಿದೆ. ಒಂದೇ ಒಂದಿತ್ತು.

"ಈ ಹೂವು ಆ ಕೊಂಬೇದಲ್ಲ" ಎಂದಳು ಅವಳು. ಮಾತಿನಲ್ಲಿ ಗೆದ್ದ ಧಾಟಿ ಇರಲಿಲ್ಲ, ಅದಕ್ಕೇ ನನಗೆ ಇನ್ನಷ್ಟು ಉರಿಯಿತು. ಅವಳು ತನ್ನ ಪಟ್ಟಿ, ಚಿತ್ರ ಎಲ್ಲ ಹರಡಿಕೊಂಡು ಒಂದೂವರೆ ಗಂಟೆ ಹುಡುಕಿದಳು. ಆಮೇಲೆ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡಳು. "ಇದು ಎಲ್ಲೂ ಇಲ್ಲ. ಒಂದೇ ಹೆಣ್ಣು ಭಾಗ ಇರೋ ಪಂಗಡಗಳಿವೆ, ಆದ್ರೆ ಯಾವುದರ ದಳವೂ ಹೀಗಿಲ್ಲ. ಇದನ್ನ ಯಾರೂ ನೋಡೇ ಇಲ್ಲ ಮೇಡಂ."

"ಅಂದ್ರೆ ಹೊಸದು! ಅಪ್ಪನ ಹೆಸರು ಉಳೀತಲ್ಲ!"

"ಇಲ್ಲ. ಹೆಸರು ಕೊಂಬೆ ಜೊತೆ ಹೋಗುತ್ತೆ. ಕೊಂಬೆ ಹಳೇದು. ಎಲೆ ಇಲ್ದೆ, ಹಣ್ಣಿಲ್ದೆ, ಯಾವ ಮರದ್ದು ಅಂತ ಗೊತ್ತಿಲ್ದೆ, ಬರೀ ಬಿಡಿಸಿಟ್ಟ ಒಂದು ಹೂವಿಗೆ ಹೆಸರಿಡೋ ಧೈರ್ಯ ನನಗಿಲ್ಲ."

ಬಿಡಿಸಿ ನೋಡು ನೋಡು ಎಂದು ಕುಣಿದವಳು ನಾನೇ. ಸುಮ್ಮನಿದ್ದಿದ್ದರೆ ಇನ್ನೊಂದು ಹತ್ತು ವರ್ಷ ಕಾಗದದ ಮೇಲೆ ಜಗಳ ನಡೆದು ಅಪ್ಪನ ಕಾಲ ಮುಗಿಯುವವರೆಗಾದರೂ ಹೆಸರು ಇರುತ್ತಿತ್ತು. ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿಹಾಕಿಕೊಂಡಿದ್ದೆ.

ಮಧ್ಯಾಹ್ನ ನೇರ ಅಣ್ಣನ ಮನೆಗೆ ಹೋದೆ, ಅಪ್ಪ ಇರುವುದು ಅಲ್ಲೇ. ಮೂರು ಮಹಡಿ ಹತ್ತುವಷ್ಟರಲ್ಲಿ ಸಿಟ್ಟು ಆರಬೇಕಿತ್ತು, ಕುದಿಯಿತು. ಅಪ್ಪ ಬಾಲ್ಕನಿಯಲ್ಲಿ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದ. ಅವನ ಕಾಲಿನ ಹೆಬ್ಬೆರಳು ಈಗಲೂ ಕೊಂಬೆ ಹಿಡಿಯುವಂತೆ ಬಾಗಿದೆ.

"ಅಪ್ಪಾ, ಆ ಹೂವು ಎಲ್ಲಿಂದ ತಂದೆ?"

ಯಾವ ಹೂವು ಎಂದು ಅವನು ಕೇಳಲಿಲ್ಲ. ನಲವತ್ತು ವರ್ಷದಲ್ಲಿ ಸಾವಿರಾರು ಹೂ ಇಳಿಸಿದವನು, ಯಾವುದು ಎಂದು ಕೇಳಬೇಕಿತ್ತು. ಕತ್ತರಿ ಕೆಳಗಿಟ್ಟ.

"ಬಿಡಿಸಿದ್ರಾ?"

"ಬಿಡಿಸಿದ್ವಿ."

"ಯಾವತ್ತಾದ್ರೂ ಬಿಡಿಸ್ತಾರೆ ಅಂತ ಗೊತ್ತಿತ್ತು. ಇಷ್ಟು ತಡ ಮಾಡ್ತೀರಿ ಅಂದ್ಕೊಂಡಿರ್ಲಿಲ್ಲ."

ನನಗೆ ಏನನ್ನಾದರೂ ಎತ್ತಿ ಒಗೆಯಬೇಕು ಅನ್ನಿಸಿತು. "ಗೊತ್ತಿತ್ತಾ? ಗೊತ್ತಿದ್ದೂ ಮೂವತ್ತೊಂದು ವರ್ಷ ಗೋಡೆ ಮೇಲೆ ನೇತು ಹಾಕ್ಕೊಂಡಿದ್ದಾ?"

"ನೇತು ಹಾಕಿದ್ದು ನಿನ್ನಣ್ಣ. ನಾನು ಆ ಕಡೆ ಕುರ್ಚಿ ಹಾಕ್ಕೊಂಡು ಕೂತಿದ್ದು ಯಾವತ್ತಾದ್ರೂ ನೋಡಿದೀಯಾ?"

ನೋಡಿರಲಿಲ್ಲ. ಹಜಾರ ಬಿಸಿಯೆಂದು ಬಾಲ್ಕನಿಯಲ್ಲಿ ಕೂರುತ್ತಾನೆ ಅಂದುಕೊಂಡಿದ್ದೆವು.

"ಹೂವಿಲ್ದೆ ಕೊಂಬೆ ತಂದ್ರೆ ಡಾಕ್ಟರು ಎಲ್ಲರೆದುರಿಗೆ ಬೈತಿದ್ರು" ಎಂದ. "'ಕಟ್ಟಿಗೆ ತಂದಿದೀಯ, ಒಲೆಗೆ ಹಾಕ್ಲಾ?' ಅಂತಿದ್ರು. ಹಿಂದಿನ ದಿನ ಎರಡು ಸಲ ಅನ್ನಿಸ್ಕೊಂಡಿದ್ದೆ. ಅವತ್ತು ಆ ಮರದಲ್ಲಿ ಹಣ್ಣಿತ್ತು, ಹೂವು ಮುಗಿದು ಹೋಗಿತ್ತು. ಪಕ್ಕದ್ದರಲ್ಲಿ ಇತ್ತು. ಒಂದು ಕಿತ್ತು ಚೀಲಕ್ಕೆ ಹಾಕ್ದೆ. ಬಾಯಿ ಮುಚ್ಚಿಸೋಕೆ ಅಷ್ಟೇ. ಅವರು ಅದನ್ನ ಹಿಡ್ಕೊಂಡು ಹೊಸದು ಹೊಸದು ಅಂತ ಕುಣಿದ್ರು. ನಾಳೆ ಹೇಳೋಣ, ನಾಳೆ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ನನ್ನ ಹೆಸರೇ ಇಟ್ಬಿಟ್ರು. ಅವರು ಯಾರ ಹೆಸರೂ ಕರೀದೋರು ಕಣೇ, ಉಡ ಅಂತಲೇ ಕರೀತಿದ್ದೋರು. ಅವತ್ತು ಹೆಸರು ಹಿಡಿದು ಕರೆದ್ರು. ಆಗ ನನ್ನ ಬಾಯಿಂದ ಮಾತು ಹೊರಡಲಿಲ್ಲ."

ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಅವನ ಮುಖ ಹಗುರಾಗಿತ್ತು. ಆದರೆ ನನ್ನ ನಾಲಿಗೆ ನನ್ನ ಮಾತು ಕೇಳಿದ್ದು ಯಾವಾಗ?

"ಹಳೇದು ಕೊಂಬೆ ಮಾತ್ರ ಅಪ್ಪಾ. ಹೂವು ಹಳೇದಲ್ಲ. ಅದನ್ನ ಇಷ್ಟು ದಿನ ಯಾರೂ ನೋಡಿಲ್ವಂತೆ. ನಿಜವಾಗಿ ಹೊಸದು ಅದೇ. ಒಂದೇ ಒಂದು ರೆಂಬೆ ಜೊತೇಲಿ ಮುರಿದು ತಂದಿದ್ರೆ ನಿನ್ನ ಹೆಸರು ಅದಕ್ಕಿರೋದು, ಯಾರಪ್ಪನ ಕೈಲೂ ಅಳಿಸೋಕಾಗ್ತಿರ್ಲಿಲ್ಲ!"

ಅಪ್ಪ ತನ್ನ ಪಾದ ನೋಡಿಕೊಂಡ.

"ಹಣ್ಣಿನ ಮರದ ಬೊಡ್ಡೆ ಹತ್ತೋಕಾಗ್ತಿರ್ಲಿಲ್ಲ, ಜಾರ್ತಿತ್ತು" ಎಂದ. "ಪಕ್ಕದ್ದನ್ನ ಹತ್ತಿ, ಅದರ ಕೊಂಬೆ ಮೇಲೆ ನಡೆದು ಈ ಕಡೆಗೆ ದಾಟಿದ್ದು. ಆ ಮರದ ತುಂಬ ಹೂವಿತ್ತು ಕಣೇ. ತುಳ್ಕೊಂಡೇ ಹೋದೆ. ಡಾಕ್ಟರು ಬೆರಳು ತೋರಿಸಿದ್ದು ಹಣ್ಣಿನ ಮರಕ್ಕೆ."

"ಆ ಗುಡ್ಡ ಎಲ್ಲಿದೆ? ನಾಳೇನೇ ಹೋಗೋಣ."

"ಕಲ್ಲುಗಣಿ ಆಗಿ ಹದಿನೆಂಟು ವರ್ಷವಾಯ್ತು. ನಾನೇ ಒಂದ್ಸಲ ಹೋಗಿ ನೋಡ್ಕೊಂಡು ಬಂದಿದೀನಿ. ಮರ ಹಾಗಿರ್ಲಿ, ಗುಡ್ಡವೇ ಇಲ್ಲ."

ಅತ್ತಿಗೆ ಹಜಾರದಿಂದ ಎಲ್ಲ ಕೇಳಿಸಿಕೊಂಡಿದ್ದಳು. ಕಾಫಿ ತಂದಿಟ್ಟು ಒಳಗೆ ಹೋದಳು.

ಸೋಮವಾರ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟರೆ ಅಪ್ಪ ನನ್ನ ಗೇಟಿನ ಹತ್ತಿರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿದ್ದ. ಜೊತೆಗೆ ಕರೆದುಕೊಂಡು ಹೋದೆ. ಸೂಜಿ ಅವನನ್ನು ಕಂಡವಳೇ ಎದ್ದು ನಿಂತು ಕುರ್ಚಿ ಎಳೆದುಕೊಟ್ಟಳು. ಅಪ್ಪ ಕೂರಲಿಲ್ಲ. ಹಾಳೆಯನ್ನು ಮೇಜಿನ ಮೇಲೆ ಬಿಚ್ಚಿದೆ. ಮೂವತ್ತೊಂದು ವರ್ಷದಲ್ಲಿ ಅವನು ಅದನ್ನು ನೋಡಿದ್ದು ಅದೇ ಮೊದಲು.

ಎರಡು ಚೀಟಿ ಬರೆಯಬೇಕಿತ್ತು. ಕೊಂಬೆಗೆ ಹಳೆಯ ಹೆಸರಿನದು ಒಂದು, ಹೂವಿಗೆ ಇನ್ನೊಂದು. ಹೂವಿನ ಚೀಟಿಯಲ್ಲಿ ಕುಟುಂಬ: ಸೀತಾಫಲದ್ದು ಎಂದು ಬರೆದು, ಮುಂದಿನ ಎರಡು ಸಾಲು ಖಾಲಿ ಬಿಟ್ಟೆ. ಸಂಗ್ರಹಿಸಿದವರು ಎನ್ನುವ ಕಡೆ ಅಪ್ಪನ ಹೆಸರು ಬಂತು, ಎಂದಿನ ಹಾಗೆ. ನಲವತ್ತು ವರ್ಷವೂ ಅವನ ಹೆಸರು ಬಂದದ್ದು ಆ ಸಾಲಿನಲ್ಲೇ. ಅದರ ಕೆಳಗಿನ ಸಾಲು ಗುರುತಿಸಿದವರದು. ಅಲ್ಲಿ ಓದಿದವರ ಹೆಸರು ಬರುತ್ತದೆ. ಸೂಜಿಯ ಹೆಸರು ಬರೆಯಲು ಲೇಖನಿ ಎತ್ತಿದೆ.

"ಇದ್ಯಾರಿಗೆ?" ಎಂದ ಅಪ್ಪ, ಬೆರಳಿಟ್ಟು.

"ಯಾವುದು ಯಾವ ಮರದ್ದು ಅಂತ ಕಂಡುಹಿಡಿದೋರಿಗೆ" ಎಂದಳು ಸೂಜಿ.

"ಹಾಗಾದ್ರೆ ನನ್ನದು ಬರಿ" ಎಂದ ಅಪ್ಪ ನನಗೆ. "ಇವೆರಡೂ ಬೇರೆ ಅಂತ ನನಗಿಂತ ಮೊದಲು ಯಾರಿಗೆ ಗೊತ್ತಿತ್ತು?"

ನಾನು ಸೂಜಿಯ ಮುಖ ನೋಡಿದೆ. ಅವಳು ತಲೆಯಾಡಿಸಿದಳು. ನನಗೆ ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ, ಅಳು ಬೇರೆ ಬಂತು. ಎರಡೂ ಚೀಟಿಯಲ್ಲಿ ಗುರುತಿಸಿದವರು ಎನ್ನುವ ಕಡೆ ಅವನ ಪೂರ್ತಿ ಹೆಸರು ಬರೆದೆ, ಬಾಲವಿಲ್ಲದೆ. ಮೊದಲನೆಯದಕ್ಕೆ ಗೋಂದು ಬಳಿದು ಹಾಳೆಯ ಮೇಲಿಟ್ಟೆ. ಅಪ್ಪ ನನ್ನ ಕೈ ಸರಿಸಿ, ಅದನ್ನು ತಾನೇ ಒತ್ತಿದ.