ಒಂದು ಗುಟುಕು ಗಂಜಲ

“ನಿನ್ನ ಬಾಯಿ ನಾತಕ್ಕೇ ಕಣಯ್ಯಾ ಇದು ಸ್ಟಾರ್ಟ್ ಆಗ್ತಿಲ್ಲ. ಬೆಳಗಾಗೆದ್ದು ಮೀನು ತಿಂದು ಬಂದಿದೀಯಲ್ಲ, ಅದಕ್ಕೇ.”

ಸುಧೀಂದ್ರ ಜೋಯಿಸರು ಶಲ್ಯದ ತುದಿಯನ್ನು ಮೂಗಿಗೆ ಒತ್ತಿಕೊಂಡೇ ಹೇಳಿದರು. ದೋಣಿಯ ಹಿಂಬದಿಗೆ ಕಚ್ಚಿಸಿದ್ದ ಮೋಟಾರಿನ ಹಗ್ಗವನ್ನು ಎಳೆದೆಳೆದು ಕುಳ್ಳಯ್ಯನ ರಟ್ಟೆ ಬಿದ್ದುಹೋಗಿತ್ತು. ಪುಷ್ಯಮಾಸದ ಚಳಿ. ಶ್ರೀರಂಗಪಟ್ಟಣದ ಸಂಗಮದಲ್ಲಿ ಹೊಳೆಯ ಮೇಲಿನ ಮಂಜು ಇನ್ನೂ ಎದ್ದಿರಲಿಲ್ಲ. ಮೋಟಾರು ಪ್ರತಿ ಎಳೆತಕ್ಕೂ ದಮ್ಮಿನ ಮುದುಕನ ಹಾಗೆ ಕೆಮ್ಮಿ ಸುಮ್ಮನಾಗುತ್ತಿತ್ತು.

“ಬರೀ ಟೀ ಕುಡ್ದಿವ್ನಿ ಸ್ವಾಮ್ಯೋರೆ.”

“ಮತ್ತೆ ಆ ಡಬ್ಬಿಲಿ ಏನಿದೆ?”

ಡಬ್ಬಿ ದೋಣಿಯ ಹಲಗೆಯಡಿ ಇತ್ತು. ಒಳಗೆ ಮುದ್ದೆ, ರಾತ್ರಿಯ ಮೀನ್ಸಾರು. ಹೆಂಡತಿ ಅಣ್ಣಮ್ಮ ಬಟ್ಟೆ ಸುತ್ತಿ ಗಂಟು ಬಿಗಿದು ಕೊಟ್ಟಿದ್ದಳು. ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತು, ಸತ್ತವರ ಕಡೆಯವರಿಗೆ ದೊನ್ನೆ, ಎಳ್ಳು, ಹೂವು ಮಾರುತ್ತಿದ್ದಳು. ಗಂಡನಿಗೆ ಬೀಳುತ್ತಿದ್ದ ಬೈಗುಳ ಕೇಳಿ ಹೂ ಕಟ್ಟುವ ಕೈ ನಿಲ್ಲಿಸಿದಳು.

“ಜೋಯಿಸ್ರು ಕೇಳ್ತಾವ್ರಲ್ಲ, ಬೊಗಳ್ಲಾ ಬಡ್ಡೆತ್ತದ್ದೆ!” ದೋಣಿಯ ಮಾಲೀಕ ಸಿದ್ದರಾಜು ಮೇಲಿನ ಮೆಟ್ಟಿಲಿಂದ ಗದರಿದ. “ದಿಲೀಪಣ್ಣ ಕಿಕ್ಕೇರಿಯಿಂದ ಕಾರು ಮಾಡ್ಕಂಡು ಬಂದವ್ರೆ, ಅವ್ವನ ಬೂದಿ ಬುಡಕ್ಕೆ. ಚಳೀಲಿ ನಿಲ್ಸಿದೀಯಲ್ಲ, ಮಾನ ಮರ್ವಾದೆ ಅದಾ ನಿಂಗೆ?”

ಸಿದ್ದರಾಜು ದೋಣಿಯ ಗುತ್ತಿಗೆ ಹಿಡಿದಾಗಿನಿಂದ ಹೊಳೆಗೆ ತೆಪ್ಪ ಇಳಿಸುವ ಹಾಗಿಲ್ಲ. ಕುಳ್ಳಯ್ಯನ ತೆಪ್ಪ ಹಿತ್ತಿಲಲ್ಲಿ ಬೋರಲು ಬಿದ್ದು, ಅದರಡಿ ಕೋಳಿ ಮೊಟ್ಟೆ ಇಡುತ್ತಿತ್ತು. ಹೊಸ ದೋಣಿಯಲ್ಲಿ ಮೋಟಾರು ಕೈಕೊಟ್ಟರೆ ನೀರು ಮೀಟಲು ಒಂದು ಹುಟ್ಟಾದರೂ ಇರಲಿ ಎಂದು ಕುಳ್ಳಯ್ಯ ತಂದಿಟ್ಟರೆ, “ಮೋಟ್ರು ಇರೋವಾಗ ಹುಟ್ಟು ಯಾಕ್ಲಾ, ನೋಡ್ದೋರು ನಗಕ್ಕಾ?” ಎಂದು ಅದನ್ನು ಸೀಳಿಸಿ ಬಚ್ಚಲೊಲೆಗೆ ಹಾಕಿಸಿದ್ದ.

ದೋಣಿಯ ಪೂಜೆಯ ದಿನವೇ ಈ ಕಾಯಿಲೆ ಅಂಟಿಕೊಂಡದ್ದು. ಸಿದ್ದರಾಜು ತಾನೇ ಮೋಟಾರಿನ ಮುಚ್ಚಳ ಎತ್ತಿ, “ಒಳೀಕೂ ಇಳೀಲಿ ಸ್ವಾಮಿ” ಅಂದ. ಜೋಯಿಸರು ಮಂತ್ರ ಹೇಳುತ್ತ ಹಾಲು, ಮೊಸರು, ಜೇನುತುಪ್ಪ, ಎಳನೀರು ಎಲ್ಲವನ್ನೂ ಸುರಿದರು. ಅಂದಿನಿಂದ ಬಿಸಿಲೇರಿದ ಮೇಲೆ ಪರವಾಗಿಲ್ಲ, ಚಳಿಯಲ್ಲಿ ಮಾತ್ರ ಹತ್ತುವುದಿಲ್ಲ. ಕುಳ್ಳಯ್ಯ ಬಿಚ್ಚಿ ನೋಡಿದರೆ ಒಳಗೆ ಇರುವೆ ಸಾಲು, ಒಡೆದ ಹಾಲಿನ ಹುಳಿ ನಾತ. ಚಳಿಯಲ್ಲಿ ಗಾಳಿಯ ಬಾಯಿ ಮುಚ್ಚಬೇಕಾದ ಚೋಕಿನ ತಗಡು ಜೇನಿಗೆ ಕಚ್ಚಿಕೊಂಡು ಅಲುಗಾಡುತ್ತಿರಲಿಲ್ಲ. ಒಂದು ದಿನ ಬಿಟ್ಟರೆ ಪೆಟ್ರೋಲಿನಲ್ಲಿ ತೊಳೆದುಕೊಡುತ್ತೇನೆ ಎಂದದ್ದಕ್ಕೆ, “ದೇವ್ರ ಅಭಿಷೇಕ ಕೊಳಕಾಯ್ತೇನ್ಲಾ ನಿಂಗೆ?” ಎಂದು ಸಿದ್ದರಾಜು ಕೈಯೆತ್ತಿಕೊಂಡು ಬಂದಿದ್ದ.

ಜೋಯಿಸರು ಚೀಲದಿಂದ ಹಳೇ ಕೂಲ್‌ಡ್ರಿಂಕ್ಸಿನ ಬಾಟಲು ತೆಗೆದರು. ಹಳದಿ ಗಂಜಲ.

“ಕೈಯೊಡ್ಡು. ಶುದ್ಧಿ ಆಗಲಿ.”

“ತಲೆ ಮ್ಯಾಕೆ ಒಸಿ ಚಿಮುಕ್ಸಿ ಸ್ವಾಮ್ಯೋರೆ, ಸಾಕು.”

“ತಿಂದಿದ್ದು ಬಾಯೋ, ತಲೆಯೋ?”

ದಡದಲ್ಲಿ ಕಿಸಕ್ಕನೆ ನಕ್ಕರು. ಯಾರೋ ಮೊಬೈಲು ಎತ್ತಿ ಹಿಡಿದರು.

“ಕುಡೀಲಾ,” ಅಂದ ಸಿದ್ದರಾಜು. “ಇಲ್ದಿದ್ರೆ ಇಳಿ ಕೆಳೀಕೆ. ನಾಳೆಯಿಂದ ಬ್ಯಾರೆಯವ್ನು ಬತ್ತಾನೆ. ನಿನ್ ಎಂಡ್ರೂ ಗಂಟುಮೂಟೆ ಕಟ್ಲಿ ಮೆಟ್ಲಿಂದ.”

ಕುಳ್ಳಯ್ಯ ಅಣ್ಣಮ್ಮನ ಕಡೆ ನೋಡಿದ. ಅವಳು ಮುಖ ಆಚೆ ತಿರುಗಿಸಿದಳು. ಅಂಗೈಗೆ ಬಿದ್ದದ್ದನ್ನು ಒಂದೇ ಗುಟುಕಿಗೆ ನುಂಗಿದ. ಉಪ್ಪುಪ್ಪು, ಒಗರು. ಹೊಟ್ಟೆಯಿಂದ ಟೀ ಎದ್ದು ಗಂಟಲಿಗೆ ಬಂತು. ಅದನ್ನೂ ನುಂಗಿದ.

ಸಿದ್ದರಾಜು ದೋಣಿ ಹತ್ತಿ ತಾನೇ ಹಗ್ಗ ಎಳೆದ. ಎಳೆದ. ಮೋಟಾರು ಕೆಮ್ಮಿತೇ ಹೊರತು ಹತ್ತಲಿಲ್ಲ. ಕುಳ್ಳಯ್ಯ ಮುಚ್ಚಳ ತೆಗೆದು, ಬಲ ಅಂಗೈಯಿಂದ ಗಾಳಿಯ ಬಾಯಿಯನ್ನು ಅದುಮಿ ಮುಚ್ಚಿ, ಎಡಗೈಯಿಂದ ಹಗ್ಗ ಎಳೆದ. ಹಸಿದ ಕರು ಚೀಪಿದ ಹಾಗೆ ಮೋಟಾರು ಅವನ ಅಂಗೈಯನ್ನು ಒಳಕ್ಕೆಳೆದುಕೊಂಡು, ಬುಸ್ಸೆಂದು ಹೊಗೆ ಉಗುಳಿ ಹತ್ತಿಕೊಂಡಿತು.

“ನೋಡಿದಿರಾ!” ಜೋಯಿಸರ ಮುಖ ಅರಳಿತು. “ಒಂದೇ ಗುಟುಕಿಗೆ!”

“ಇನ್ಮ್ಯಾಕೆ ದಿನಾ ಒಂದು ಗುಟುಕು ಕುಡ್ದೇ ದೋಣಿ ಮುಟ್ಬೇಕು ಕಣ್ಲಾ,” ಅಂದ ಸಿದ್ದರಾಜು. “ಮೀನ್ ತಿನ್ನೋ ಯಾವ ನನ್ಮಗನೇ ಆಗ್ಲಿ, ಇದೇ ರೂಲ್ಸು.”

ದೋಣಿಯಲ್ಲಿ ನಾಲ್ವರು ಹೊರಟರು. ಜೋಯಿಸರು, ಸಿದ್ದರಾಜು, ತಲೆ ಬೋಳಿಸಿಕೊಂಡು ಕೆಂಪು ಬಟ್ಟೆ ಸುತ್ತಿದ ಬೂದಿ ಕುಡಿಕೆ ಹಿಡಿದ ದಿಲೀಪ, ಕುಳ್ಳಯ್ಯ. ನಡುಹೊಳೆಯಲ್ಲಿ ಮೋಟಾರು ಆರಿಸಲು ಜೋಯಿಸರು ಸನ್ನೆ ಮಾಡಿದರು. ಕುಳ್ಳಯ್ಯ ಹಗ್ಗ ಕಟ್ಟಿದ ಕಲ್ಲನ್ನು ನೀರಿಗೆ ಬಿಟ್ಟು ದೋಣಿ ನಿಲ್ಲಿಸಿದ. ಮಂತ್ರ ಉದ್ದಕ್ಕೆ ಸಾಗಿತು. ದೋಣಿಯ ಸುತ್ತ ಯಾರದೋ ಬೋಳಿಸಿದ ಕೂದಲು, ಊದಿಕೊಂಡ ತಲೆದಿಂಬು, ಅರೆಬೆಂದ ಎಲುಬು ಸಿಕ್ಕಿಸಿಕೊಂಡ ಸೀರೆ, ತುಪ್ಪದ ಖಾಲಿ ಪ್ಯಾಕೆಟ್ಟು ತೇಲಿ ಬಂದು ಮೈ ಉಜ್ಜಿ ಹೋಗುತ್ತಿದ್ದವು. ದಿಲೀಪ ಕುಡಿಕೆ ಬಗ್ಗಿಸಿದ. ಬೂದಿಯ ಜೊತೆ ಬಿದ್ದ ಅಕ್ಕಿಗೆ ಪುಟ್ಟ ಮೀನುಗಳು ಬಾಯಿ ತೆರೆದು ಮುತ್ತಿಕೊಂಡವು.

“ಥೂ,” ಅಂದರು ಜೋಯಿಸರು. “ಇದನ್ನೇ ತಿಂತೀರಲ್ಲಯ್ಯಾ ನೀವು. ಹೆಣದ ಬೂದಿ ತಿಂದ ಮೀನು. ಎಂಥ ಜನ್ಮವೋ. ನಡಿ, ದಡಕ್ಕೆ ಬಿಡು.”

ಕುಳ್ಳಯ್ಯ ಕಲ್ಲನ್ನು ಮೇಲೆಳೆದುಕೊಂಡ. ದೋಣಿ ಸಡಿಲವಾಗಿ ಸೆಳವಿಗೆ ತಿರುಗಿತು. ಅವನು ಮೋಟಾರಿನ ಹತ್ತಿರ ಹೋಗಲಿಲ್ಲ. ಹಲಗೆಯಡಿಯ ಡಬ್ಬಿ ಎಳೆದು, ಗಂಟು ಬಿಚ್ಚಿ, ಕಾಲು ಮಡಿಸಿ ಕೂತ.

“ಏನ್ಲಾ ಮಾಡ್ತಿದ್ದೀಯ?” ಸಿದ್ದರಾಜು ಗದರಿದ.

“ಒಟ್ಟೆ ಅಸೀತದೆ ಗೌಡ್ರೆ.”

ಮುದ್ದೆ ಮುರಿದು ಕೆಂಪು ಸಾರಿಗೆ ಅದ್ದಿದ. ಹುಣಸೆ, ಬೆಳ್ಳುಳ್ಳಿ, ಮೀನಿನ ವಾಸನೆ ದೋಣಿ ತುಂಬಿತು. ಜೋಯಿಸರು ಪಂಚೆ ಎತ್ತಿಕೊಂಡು ತುದಿಗೆ ಸರಿದರು. ಸಿದ್ದರಾಜು ಒದೆಯಲು ಕಾಲೆತ್ತಿದ; ದೋಣಿ ವಾಲಿತು.

“ಕೂತ್ಕಳಿ ಗೌಡ್ರೆ. ಮೊಗಚ್ಕತದೆ.”

ಸಿದ್ದರಾಜು ಬೈಯುತ್ತ ಮೋಟಾರಿಗೆ ಜೋತುಬಿದ್ದ. ಮಂತ್ರ ಮುಗಿಯುವಷ್ಟರಲ್ಲಿ ಅದು ಮತ್ತೆ ತಣ್ಣಗಾಗಿತ್ತು. ಕುಳ್ಳಯ್ಯನನ್ನು ನೋಡಿದ್ದನಲ್ಲ, ತಾನೂ ಅಂಗೈ ಅಡ್ಡ ಇಟ್ಟು ಎಳೆದ. ಮೋಟಾರು ಪಟ್ಟೆಂದು ಉರಿ ಉಗುಳಿತು. “ಅಯ್ಯಯ್ಯೋ” ಎಂದು ಕೈ ಕಿತ್ತುಕೊಂಡ. ಬೆರಳಿಗೆ ಜೇನಂಟು, ಅದರಲ್ಲಿ ಸತ್ತ ಇರುವೆ.

ಹೊಳೆಯ ಕೆಳಗಡೆ ಬಂಡೆಗಳಿಗೆ ನೀರು ಬಡಿಯುವ ಸದ್ದು ಹತ್ತಿರವಾಗುತ್ತಿತ್ತು.

“ಬಾರ್ಲಾ, ನಿನ್ ಕೈ ಇಡು ಬಾ!”

ಕುಳ್ಳಯ್ಯ ಸಾರು ತೊಟ್ಟಿಕ್ಕುವ ಬಲಗೈ ಎತ್ತಿ ಹಿಡಿದ. “ಮೀನಿನ ಕೈ. ಮುಟ್ಬೋದಾ ಸ್ವಾಮ್ಯೋರೆ?”

ಜೋಯಿಸರು ಬಂಡೆಗಳನ್ನು ನೋಡಿದರು, ಕೈಯನ್ನು ನೋಡಿದರು. “ಮುಟ್ಟಯ್ಯಾ,” ಅಂದರು, ತುಟಿಯಲ್ಲೇ.

“ಕುಡೀದೇನಾ? ರೂಲ್ಸು ಅದಲ್ಲ.” ಕುಳ್ಳಯ್ಯ ದಿಲೀಪನ ಕಡೆ ತಿರುಗಿದ. “ನಿಮ್ಮವ್ವ ಮೀನ್ ತಿಂತಿರ್ನಿಲ್ವಾ ಸ್ವಾಮಿ?”

ದಿಲೀಪ ಖಾಲಿ ಕುಡಿಕೆ ನೋಡುತ್ತ ಕೂತಿದ್ದ. “ತಿಂತಿದ್ಲು. ಮೀನ್ ತಲೆ ಅಂದ್ರೆ ಪ್ರಾಣ ಅವ್ಳಿಗೆ.”

“ನಮ್ ಗೌಡ್ರಿಗೂ ಅಂಗೇಯಾ. ನಿನ್ನೆ ನಾನೇ ಇಡ್ದು ಕೊಟ್ಟಿದ್ದು. ತಲೆ ನಂಗಿರ್ಲಿ ಅಂದ್ರಲ್ಲ ಗೌಡ್ರೆ, ಸಂದಾಗಿತ್ತಾ?”

“ಲೇ ಮುಂಡೇಮಗ್ನೆ, ದಡ ಸೇರ್ಲಿ, ನಿನ್ನ…”

“ಸೇರ್ಬೇಕಲ್ಲ.”

ಕುಳ್ಳಯ್ಯ ಜೋಯಿಸರ ಚೀಲಕ್ಕೆ ಎಡಗೈ ಹಾಕಿ ಬಾಟಲು ತೆಗೆದ. ಜೋಯಿಸರು ತಡೆಯಲಿಲ್ಲ. ಅದನ್ನು ಸಿದ್ದರಾಜುವಿನ ಮುಂದೆ ಹಲಗೆಯ ಮೇಲೆ ಇಟ್ಟ.

“ಮೀನ್ ತಿಂದು, ಗಂಜಲ ಕುಡೀದೆ ಮೋಟ್ರು ಮುಟ್ಟಿದ್ದು ನೀವು. ಒಂದು ಗುಟುಕು ಕುಡೀರಿ. ಆಮ್ಯಾಕೆ ನಾನು ಕೈ ಇಡ್ತೀನಿ.”

“ಜೋಯಿಸ್ರೆ, ಏಳಿ ಇವ್ನಿಗೆ!”

ಜೋಯಿಸರು ಕಣ್ಣು ಮುಚ್ಚಿಕೊಂಡು ಏನೋ ಗೊಣಗುತ್ತಿದ್ದರು.

“ಕುಡೀರಿ ಗೌಡ್ರೆ,” ಅಂದ ಕುಳ್ಳಯ್ಯ, ಮುದ್ದೆಯ ಇನ್ನೊಂದು ತುತ್ತು ಮುರಿಯುತ್ತ. “ಉಪ್ಪುಪ್ಪಾಗಿರ್ತದೆ. ಮೂಗು ಇಡ್ಕಳಿ.”

ದೋಣಿಯ ತಳ ಮೊದಲ ಬಂಡೆಗೆ ಗರಗರನೆ ಉಜ್ಜಿತು. ಸಿದ್ದರಾಜುವಿನ ಕೈ ಬಾಟಲಿನ ಮುಚ್ಚಳದ ಮೇಲೆ ಹೋಯಿತು.